ತಂಗವೇಲು ಏಳು ಎಂದದ್ದು

ತಂಗವೇಲು ನಮ್ಮ ಮನೆಯ ಮುಂದೆ ಮೊದಲ ಸಲ ಗಾಲಿಕುರ್ಚಿ ನಿಲ್ಲಿಸಿದಾಗ ಬೀದಿಯವರೆಲ್ಲ ಅವನ ಕಾಲು ನೋಡಿದರು. ನಾನು ಕೈ ನೋಡಿದೆ. ಭುಜ, ತೋಳು, ಮುಂಗೈ ಎಲ್ಲವೂ ಗರಡಿಯವನ ಹಾಗೆ ಉಬ್ಬಿದ್ದವು. ಇಷ್ಟು ಗಟ್ಟಿ ಗಂಡಸು ಕುರ್ಚಿಯಲ್ಲಿ ಕೂತು ಬಂದಿದ್ದಾನೆಂದರೆ ಇದರಲ್ಲಿ ಏನೋ ಇದೆ ಎಂದುಕೊಂಡೆ. ಭಿಕ್ಷೆಯವನಲ್ಲ, ಅಂಗಿ ಇಸ್ತ್ರಿಯಾಗಿತ್ತು. ಏನಾದರೂ ಮಾರುವವನೂ ಅಲ್ಲ, ಜೊತೆಗೆ ಚೀಲವಿರಲಿಲ್ಲ. ಇವೆರಡೂ ಅಲ್ಲದವನು ಬಾಗಿಲಿಗೆ ಬಂದರೆ ನನಗೆ ಇನ್ನೂ ಹೆಚ್ಚಿನ ದಿಗಿಲು.

ನನ್ನ ಬುದ್ಧಿಯೇ ಹಾಗೆ. ಹಾಲಿಗೆ ಬೆರಳದ್ದಿ ನೋಡದೆ ಪಾತ್ರೆ ಒಳಗೆ ತೆಗೆದುಕೊಳ್ಳುವುದಿಲ್ಲ. ಕಂಡಕ್ಟರು ಗಂಟಲು ಹರಿದುಕೊಂಡು ಊರಿನ ಹೆಸರು ಕೂಗಿದರೂ ಬೋರ್ಡು ಓದಿಯೇ ಬಸ್ಸು ಹತ್ತುತ್ತೇನೆ. ಪೂಜಾರಿ ಕೊಟ್ಟ ವಿಭೂತಿಯನ್ನು ಮೂಸಿ ನೋಡಿ ಹಚ್ಚಿಕೊಂಡದ್ದಕ್ಕೆ ಅತ್ತೆಯಿಂದ ಬೈಸಿಕೊಂಡಿದ್ದೇನೆ. ಕೊಳ್ಳೇಗಾಲದಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ನೆಗಮಂ ಪಕ್ಕದ ಈ ಹಳ್ಳಿಗೆ ಸೊಸೆಯಾಗಿ ಬಂದವಳು ನಾನು, ಕಣ್ಣಮ್ಮ. ಗಂಡನ ಮನೆಯವರೂ ಕನ್ನಡದವರೇ, ಮಗ್ಗದವರು. ಆದರೆ ತಲೆತಲಾಂತರದಿಂದ ಇಲ್ಲೇ ನೆಲೆಸಿ ಅರ್ಧಕ್ಕರ್ಧ ತಮಿಳು ಬೆರೆತ ಕನ್ನಡ ಅವರದು, ಅಕ್ಷರವಂತೂ ಒಂದೂ ಬಾರದು. 'ನಿಮ್ಮದೂ ಒಂದು ಕನ್ನಡವೇ' ಎಂದು ನಾನು ಮೂಗು ಮುರಿಯುತ್ತಿದ್ದೆ. ಆ ಜಂಭ ಮುರಿದ ಬಗೆಯನ್ನೂ ಇಲ್ಲಿ ಹೇಳಬೇಕಾಗಿದೆ, ನಾಚಿಕೆಯಾದರೂ ಹೇಳುತ್ತೇನೆ.

ನನ್ನ ಯಜಮಾನರು ಸೆಲ್ಲಪ್ಪನ್ ಬಿದ್ದದ್ದು 1983ರಲ್ಲಿ. ಮಳೆಗೆ ಮುಂಚೆ ಹೆಂಚು ಸರಿಮಾಡಲು ಮೇಲೆ ಹತ್ತಿದವರು ಹುಳ ಹಿಡಿದ ರೀಪಿನ ಮೇಲೆ ಕಾಲಿಟ್ಟರು. ಬಿದ್ದಲ್ಲೇ ಸೊಂಟದಿಂದ ಕೆಳಗೆ ಸತ್ತುಹೋಯಿತು. ಕೋಯಮತ್ತೂರಿನ ಆಸ್ಪತ್ರೆಯಲ್ಲಿ ಮೂರು ತಿಂಗಳಿದ್ದು ಮನೆಗೆ ಬಂದೆವು. ಆಮೇಲೆ ಒಂದೂವರೆ ವರ್ಷ ಹಿಂದಿನ ಕೋಣೆಯ ಮಂಚದಲ್ಲಿ ಅವರು, ಮುಂದಿನ ಕೋಣೆಯ ಕುಳಿಮಗ್ಗದಲ್ಲಿ ನಾನು. ಎತ್ತುವುದು, ಹೊರಳಿಸುವುದು, ಒರೆಸುವುದು, ಉಣಿಸುವುದು, ಎಲ್ಲ ನನ್ನ ಕೈಯಲ್ಲೇ. ಅವರು ಮಾತು ಕಡಿಮೆ ಮಾಡುತ್ತ ಮಾಡುತ್ತ ಕೊನೆಗೆ ಸೂರು ನೋಡುವುದನ್ನೇ ಕೆಲಸ ಮಾಡಿಕೊಂಡರು. ನನಗೆ ಅವರ ಮೇಲೆ ಪ್ರೀತಿಯೂ ಇತ್ತು, ಕೆಲವು ದಿನ ಮಂಚವನ್ನೇ ಎತ್ತಿ ಬೀದಿಗೆ ಎಸೆಯುವಷ್ಟು ಸಿಟ್ಟೂ ಇತ್ತು.

ಅಂಥ ಹೊತ್ತಿನಲ್ಲಿ, 1985ರ ಪೊಂಗಲ್ ಕಳೆದ ಮೇಲೆ, ಇವನು ಬಂದ.

"ಅಮ್ಮಣಿ, ಸೆಲ್ಲಪ್ಪನ್ ವೀಡು ಇದುದಾನುಂಗಳಾ?" ಎಂದು ಕೊಂಗು ಸೀಮೆಯ ಮೆತ್ತನೆಯ ತಮಿಳಿನಲ್ಲಿ ಕೇಳಿದ. ಇದೇ ಮನೆ, ಏನಾಗಬೇಕಿತ್ತು ಎಂದೆ. ಪಲ್ಲಡಂ ರಸ್ತೆಯಲ್ಲಿ ಅಂಗಪ್ಪನ್ ಎಂಬುವನಿದ್ದಾನಂತೆ, ತೆಂಗಿನಮರದಿಂದ ಬಿದ್ದು ಇವರ ಹಾಗೆಯೇ ಆದವನು. ಅವನೀಗ ತಾನೇ ಎದ್ದು ಕೂತು, ತಾನೇ ಸ್ನಾನ ಮಾಡಿ, ತೆಂಗಿನ ನಾರು ಹೊಸೆಯುತ್ತಿದ್ದಾನಂತೆ. ಅವನಿಗೆ ಕಲಿಸಿದವನು ನಾನು, ನಿಮ್ಮ ಯಜಮಾನರಿಗೂ ಕಲಿಸುತ್ತೇನೆ, ವಾರಕ್ಕೆ ಮೂರು ದಿನ ಬರುತ್ತೇನೆ, ನೀವೇನೂ ಕೊಡಬೇಕಾಗಿಲ್ಲ, ಎಂದ.

ಏನೂ ಕೊಡಬೇಕಾಗಿಲ್ಲ ಎಂದ ಕೂಡಲೇ ನನ್ನ ಕಿವಿ ನಿಮಿರಿತು. ನೋಡೋಣ ಎಂದು ಹೇಳಿ ಅವನನ್ನು ಸಾಗಹಾಕಿ, ಮಾರನೆಯ ದಿನವೇ ನೆಗಮಂಗೆ ಹೋಗಿ ವಿಚಾರಣೆ ಶುರುಮಾಡಿದೆ. ಅವನ ಕುರ್ಚಿಯ ಚಕ್ರ ಸೈಕಲ್ಲಿನದು ಎಂಬುದನ್ನು ಗಮನಿಸಿದ್ದೆ. ಅದಕ್ಕೇ ನೇರ ನಟರಾಜನ ಸೈಕಲ್ ಅಂಗಡಿಗೆ ಹೋದೆ. ಚಕ್ರ ಹಾಕಿಕೊಟ್ಟವನೇ ಅವನು. ಕಥೆಯೆಲ್ಲ ಅಲ್ಲೇ ಸಿಕ್ಕಿತು.

ತಂಗವೇಲು ಪೂಪ್ಪಂದು ಆಡುವವನು. ಹಳದಿ ಉಲ್ಲನ್ ಚೆಂಡನ್ನು ರಾಕೆಟ್ಟಿನಲ್ಲಿ ಹೊಡೆಯುವ ಆಟ, ಬಾಲ್ ಬ್ಯಾಡ್ಮಿಂಟನ್ ಎನ್ನುತ್ತಾರೆ. ಕೋಯಮತ್ತೂರಿನ ಒಂದು ಮಿಲ್ಲಿನವರು ಅವನ ಆಟ ನೋಡಿಯೇ ಕೆಲಸ ಕೊಟ್ಟಿದ್ದರಂತೆ. ಅಂಗಳದ ನಡುವೆ ನಿಂತು ಎರಡೂ ಕಡೆಗೆ ಓಡಿ ಹೊಡೆಯುತ್ತಿದ್ದನಂತೆ, ಬೂಟು ಮೂರು ತಿಂಗಳಿಗಿಂತ ಹೆಚ್ಚು ಬಾಳುತ್ತಿರಲಿಲ್ಲವಂತೆ. 1979ರಲ್ಲಿ ರಜೆಗೆ ಬಂದಾಗ ಮನೆಯ ಬಾವಿಯ ಮೋಟಾರು ಕೆಟ್ಟಿತ್ತು. ಹಗ್ಗ ಹಿಡಿದು ಇಳಿದ, ಕಾಲಿಟ್ಟ ಕಲ್ಲು ಕಳಚಿಕೊಂಡಿತು, ಒಣಗಿದ ಬಾವಿಯ ಬಂಡೆಯ ಮೇಲೆ ಕೂತ ಭಂಗಿಯಲ್ಲೇ ಬಿದ್ದ. ಗೊತ್ತಾಗಿದ್ದ ಮದುವೆ ಮುರಿಯಿತು. ವೆಲ್ಲೂರಿನ ದೊಡ್ಡಾಸ್ಪತ್ರೆಯಲ್ಲಿ ಎಂಟು ತಿಂಗಳಿದ್ದು ಕುರ್ಚಿಯಲ್ಲಿ ಬದುಕುವುದನ್ನು ಕಲಿತು ಬಂದ. ಬಂದವನು ಊರಿನ ಹೆಣ್ಣುಮಕ್ಕಳ ಶಾಲೆಗೆ ಹೋಗಿ, ನಿಮ್ಮ ಮಕ್ಕಳಿಗೆ ಆಟ ಕಲಿಸುತ್ತೇನೆ ಎಂದನಂತೆ. ಕೂತವನು ಓಡುವುದನ್ನು ಹೇಗೆ ಕಲಿಸುತ್ತಾನೆಂದು ಅಲ್ಲಿಯ ಟೀಚರಮ್ಮನಿಗೂ ಅನುಮಾನ ಬಂದಿತ್ತಂತೆ. ಆ ಹೆಂಗಸಿನ ಮೇಲೆ ನನಗೆ ಗೌರವ ಮೂಡಿತು. ಎರಡು ವರ್ಷದಲ್ಲಿ ಆ ಮಕ್ಕಳು ಜಿಲ್ಲೆಯ ಮಟ್ಟದಲ್ಲಿ ಗೆದ್ದು ಬಂದರಂತೆ.

"ತಂಗಮಾನ ಮನುಷನ್ ಅಮ್ಮಾ," ಎಂದ ನಟರಾಜನ್, ಬಂಗಾರದಂಥ ಮನುಷ್ಯ ಎಂದು. ಗಿರಾಕಿಯನ್ನು ಹೊಗಳದ ಅಂಗಡಿಯವನು ಎಲ್ಲಿದ್ದಾನೆ? ಆ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹೋಗಲಿ, ಮೂರು ಮೈಲಿ ದೂರದಿಂದ ಕುರ್ಚಿ ತಳ್ಳಿಕೊಂಡು ಬರುವವನಿಗೆ ಇದರಿಂದ ಏನು ಲಾಭ? ಮುಂದಿನ ಸಲ ಬಂದಾಗ ಅದನ್ನೇ ಮುಖಕ್ಕೆ ಕೇಳಿದೆ. ಅವನು ನಕ್ಕ. ಆಗಸ್ಟಿನಲ್ಲಿ ಮದರಾಸಿನಲ್ಲಿ ಗಾಲಿಕುರ್ಚಿಯವರ ಆಟದ ಪಂದ್ಯಗಳಿವೆ, ಕುರ್ಚಿ ಓಟಕ್ಕೆ ಹೆಸರು ಕೊಟ್ಟಿದ್ದೇನೆ, ಬಿದ್ದ ಮೇಲೆ ಆರು ವರ್ಷದಲ್ಲಿ ಇದು ಮೊದಲ ಪಂದ್ಯ, ನಿಮ್ಮೂರ ಡಾಂಬರು ರಸ್ತೆ ನನಗೆ ಅಭ್ಯಾಸಕ್ಕೆ ಬೇಕು, ಹೇಗೂ ಇಲ್ಲಿಯವರೆಗೆ ಬರುತ್ತೇನಲ್ಲ, ಎಂದ. ಹೇಳುವಾಗ ಅವನ ಕಣ್ಣು ಮಿಂಚಿದ್ದನ್ನು ನೋಡಿದೆ. ಮಿಂಚುವ ಕಣ್ಣು ನನಗೆ ಯಾವತ್ತೂ ಒಳ್ಳೆಯ ಲಕ್ಷಣವಾಗಿ ಕಂಡದ್ದಿಲ್ಲ. ಆದರೆ ಹಿಂದಿನ ಕೋಣೆಯಿಂದ ಇವರು, ಎಷ್ಟೋ ತಿಂಗಳಿಂದ ಗಟ್ಟಿಯಾಗಿ ಮಾತಾಡದವರು, "ಒಳಗೆ ಬಿಡು ಬುಳ್ಳೆ" ಎಂದು, ಹುಡುಗೀ ಎನ್ನುವ ಹಾಗೆ, ಕೂಗಿದರು. ಬಿಟ್ಟೆ.

ನಮ್ಮ ಬಾಗಿಲು ಕಿರಿದು, ಕುರ್ಚಿ ಹಿಡಿಸದು. ಅವನು ಕುರ್ಚಿಯನ್ನು ಜಗುಲಿಗೆ ಒತ್ತಿ ನಿಲ್ಲಿಸಿ, ಜಗುಲಿಗೆ ದಾಟಿಕೊಂಡು, ಎರಡೂ ಕೈಯೂರಿ ಮೈಯನ್ನು ಎತ್ತೆತ್ತಿ ಇಡುತ್ತ ಹಿಂದಿನ ಕೋಣೆಗೆ ಹೋಗುತ್ತಿದ್ದ. ಹೋದವನು ಬಾಗಿಲು ಮುಚ್ಚುತ್ತಿದ್ದ. ನಾನು ಒಳಗಿರಕೂಡದು, ಮಗ್ಗವನ್ನು ಮಾತ್ರ ನಿಲ್ಲಿಸಕೂಡದು ಎಂದಿದ್ದ. ಇದು ಯಾವ ಸೀಮೆಯ ಕಟ್ಟಳೆ? ನನ್ನ ಮನೆಯಲ್ಲಿ ನನ್ನ ಗಂಡನ ಜೊತೆ ಬಾಗಿಲು ಹಾಕಿಕೊಂಡು ಏನು ಮಾಡುತ್ತಾನೆ?

ಲಾಳಿ ಅತ್ತಿಂದಿತ್ತ ಓಡುವ ಸದ್ದು, ಹಲಗೆ ಬಡಿಯುವ ಸದ್ದು, ಇದರಲ್ಲಿ ಒಳಗಿನ ಮಾತು ಒಂದೂ ಕೇಳಿಸದು. ಕೇಳೋಣವೆಂದು ಬೇಕೆಂದೇ ಮಗ್ಗ ನಿಲ್ಲಿಸಿದರೆ ಒಳಗೂ ಮಾತು ನಿಂತುಹೋಗುತ್ತಿತ್ತು. ಮತ್ತೆ ಶುರುಮಾಡಿದರೆ ಅಲ್ಲೂ ಗುಜುಗುಜು ಶುರು. ಕಳ್ಳರಲ್ಲದೆ ಯಾರು ಹೀಗೆ ಮಾಡುತ್ತಾರೆ? ಆದರೆ ಎಳೆ ಯಾರಿಗೂ ಹೇಳಿ ಕಡಿಯುವುದಿಲ್ಲವಲ್ಲ. ಒಂದು ದಿನ ಎಳೆ ತಟಕ್ಕನೆ ಕಡಿದು ಕೈ ನಿಂತಿತು. ಅದೇ ಗಳಿಗೆಗೆ ಒಳಗಿನಿಂದ ತಂಗವೇಲುವಿನ ದನಿ ಕೇಳಿತು.

"ಏಳು!"

ಆಮೇಲೆ ಮೌನ. ಎರಡು ದಿನ ಬಿಟ್ಟು ಮತ್ತೆ ಎಳೆ ಕಡಿಯಿತು, ಮತ್ತೆ "ಏಳು! ಏಳು!" ಮುಂದಿನ ವಾರವೂ ಅದೇ. ತಮಿಳಿನ ಏಳೂ ನಮ್ಮ ಏಳೇ, ಆದರೆ ಐದಿಲ್ಲ, ಆರಿಲ್ಲ, ಎಂಟಿಲ್ಲ. ವ್ಯಾಯಾಮದ ಎಣಿಕೆಯಾದರೆ ಒಂದರಿಂದ ಶುರುವಾಗಬೇಡವೇ? ಬರೀ ಏಳು ಏಕೆ?

ಇಲ್ಲಿ ಒಂದು ವಿಷಯ ಹೇಳಬೇಕು. ಬೀಳುವ ಮುಂಚೆ ಇವರಿಗೆ ಲಾಟರಿ ಚೀಟಿಯ ಕಡೆಯ ಅಂಕಿ ಊಹಿಸುವ ಹುಚ್ಚಿತ್ತು. ಕಾಗೆ ಎಷ್ಟು ಸಲ ಕೂಗಿತು, ಕನಸಿನಲ್ಲಿ ಎಷ್ಟು ಆನೆ ಬಂದವು ಎಂದು ಎಣಿಸುತ್ತ ಕೂರುತ್ತಿದ್ದರು. ನಾನು ಜಗಳವಾಡಿ ಬಿಡಿಸಿದ್ದೆ. ಈಗ ಮುಚ್ಚಿದ ಬಾಗಿಲ ಹಿಂದೆ ಏಳು, ಏಳು! ಪಕ್ಕದ ಮನೆಯ ಪಳನಿಯಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಅವಳು ಸೆರಗು ಬಾಯಿಗೆ ಹಿಡಿದು, "ನಂಬರ್ ಆಟಂ ಕಣೆ ಇದು. ನನ್ ತಂಬಿ ಕೆಟ್ಟಿದ್ದು ಇಪ್ಪಡೀನೇ. ಕದ ಮುಚ್ಕೊಂಡು ನಂಬರ್ ಸೊಲ್ತಾರೆ, ಆಮೇಲೆ ಮನೇನೇ ಬರೆಸ್ಕೋತಾರೆ," ಎಂದಳು. ತಲೆಯೊಳಗೆ ಹುಳ ಬಿಟ್ಟಂತಾಯಿತು.

ಇವರು ಸ್ವಲ್ಪ ಸ್ವಲ್ಪವೇ ಬದಲಾಗುತ್ತಿದ್ದುದು ನನಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಗಡ್ಡ ತೆಗೆಸಿಕೊಂಡರು. ಊಟ ಕೇಳಿ ಹಾಕಿಸಿಕೊಂಡರು. ದಿನಕ್ಕೆ ಒಮ್ಮೆಯಾದರೂ ನಗುತ್ತಿದ್ದರು. ಅದೂ ನನ್ನ ಕಣ್ಣಿಗೆ ಜೂಜಿನ ಅಮಲಾಗಿಯೇ ಕಂಡಿತು. ಅನುಮಾನ ಹೊಕ್ಕ ಕಣ್ಣಿಗೆ ಒಳ್ಳೆಯದೂ ಸಾಕ್ಷಿಯಾಗಿಬಿಡುತ್ತದೆ.

ಸಾಕ್ಷಿ ಹುಡುಕುತ್ತಿದ್ದವಳ ಕಣ್ಣು ಕೊನೆಗೆ ಬಿದ್ದದ್ದು ಅವನ ಕುರ್ಚಿಯ ಮೆತ್ತೆಯ ಮೇಲೆ. ಸುತ್ತಲೂ ಹೊಲಿದ ದಪ್ಪ ಬಟ್ಟೆಯ ದುಂಡು ಮೆತ್ತೆ. ಕೂರುವ ಮುಂಚೆ ಪ್ರತಿ ಸಲ ಅದನ್ನು ಅಂಗೈಯಿಂದ ಒತ್ತಿ ಒತ್ತಿ ನೋಡುತ್ತಿದ್ದ. ಒಮ್ಮೆ ನಾನು ಧೂಳು ಕೊಡವಲು ಎತ್ತಿಕೊಂಡರೆ, "ವೇಣ್ಡಾಮುಂಗ ಅಮ್ಮಣಿ, ಅದೆ ತೊಡಾದೀಂಗ" ಎಂದು ಗಾಬರಿಯಿಂದ ಕೈ ಚಾಚಿದ್ದ. ಮುಟ್ಟಬೇಡಿ ಎಂದ ಮೇಲೆ ಅದರೊಳಗೆ ಏನೋ ಇರಲೇಬೇಕಲ್ಲ?

ಮೇ ತಿಂಗಳ ನಡುವೆ ಒಂದು ದಿನ ಅವನು ಒಳಗಿದ್ದಾಗ ಮಗ್ಗ ನಿಲ್ಲಿಸಿ, ಪಳನಿಯಮ್ಮನನ್ನು ಕರೆದು ಕೂರಿಸಿದೆ. ಸದ್ದು ನಿಂತದ್ದು ಅವರಿಗೆ ತಿಳಿಯಬಾರದೆಂದು ಅವಳು ನೆಯ್ಯುತ್ತಿದ್ದಳು, ನಾನು ಜಗುಲಿಯಲ್ಲಿ ಕೂತು ಮೆತ್ತೆಯ ಹೊಲಿಗೆ ಬಿಚ್ಚಿದೆ. ಒಳಗೆ ಹತ್ತಿ, ಹತ್ತಿಯೊಳಗೆ ಗಾಳಿ ತುಂಬಿದ ಸ್ಕೂಟರ್ ಟ್ಯೂಬು. ಅಷ್ಟೇ. ಅಷ್ಟಕ್ಕೆ ಬಿಡುವವಳೇ ನಾನು? ಟ್ಯೂಬಿನೊಳಗೆ ಚೀಟಿ ಸುರುಳಿ ಇಟ್ಟಿದ್ದರೆ? ಕಿವಿಯ ಬಳಿ ಹಿಡಿದು ಅಲ್ಲಾಡಿಸಿದೆ. ಏನೋ ಸರಿದಂತೆ ಅನ್ನಿಸಿತು. ಸೂಜಿಯನ್ನು ಮೆಲ್ಲಗೆ ಚುಚ್ಚಿ ತೆಗೆದೆ. ಸಣ್ಣಗೆ ಗಾಳಿ ಬಂತು, ಬೇರೇನೂ ಇಲ್ಲ. ತೂತು ಸೂಜಿಯ ಮೊನೆಯಷ್ಟು. ಬೆರಳಿಟ್ಟು ಒತ್ತಿದೆ, ನಿಂತಂತೆಯೇ ಇತ್ತು. ಹತ್ತಿ ಸುತ್ತಿ, ಇದ್ದ ಹಾಗೆಯೇ ಹೊಲಿದು, ಇದ್ದಲ್ಲೇ ಇಟ್ಟೆ. ಹೊಲಿಗೆಯಲ್ಲಿ ನನ್ನನ್ನು ಮೀರಿಸುವವರು ಈ ಬೀದಿಯಲ್ಲಿಲ್ಲ.

ತಂಗವೇಲು ಹೊರಗೆ ಬಂದು ಮೆತ್ತೆಯನ್ನು ಎಂದಿನಂತೆ ಒತ್ತಿ ನೋಡಿ, ಕೂತು, ಕೈಗಡಿಯಾರ ನೋಡಿಕೊಂಡು ಜೋರಾಗಿ ಚಕ್ರ ತಳ್ಳುತ್ತ ಹೊರಟ. ಅವನು ರಸ್ತೆಯ ತಿರುವು ದಾಟುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ.

ಮುಂದಿನ ಸರದಿಗೆ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಸಿಕ್ಕಿಬಿದ್ದೆನೆಂದು ತಿಳಿದು ಓಡಿಹೋದ ಎಂದುಕೊಂಡೆ, ಸಂತೋಷವೂ ಆಯಿತು. ಇವರು ಮಾತ್ರ ಬಾಗಿಲನ್ನೇ ನೋಡುತ್ತಿದ್ದರು. ಒಂದು ವಾರವಾದ ಮೇಲೆ ನನಗೆ ತಡೆಯಲಾಗಲಿಲ್ಲ.

"ಇನ್ನೇನು ಕಾಯುತ್ತೀರಿ? ನಿಮ್ಮ ಏಳರ ಗೆಳೆಯ ಬರೋಲ್ಲ. ಏಳು ಬಿತ್ತೋ ಎಂಟು ಬಿತ್ತೋ ಇನ್ನು ನೀವೇ ಎಣಿಸಿಕೊಳ್ಳಿ," ಎಂದೆ.

ಇವರು ಅರ್ಥವಾಗದೆ ನನ್ನನ್ನೇ ನೋಡಿದರು. ಎಲ್ಲ ಹೇಳಿದೆ, ಕದ, ಮಗ್ಗ, ನಂಬರು, ಪಳನಿಯಮ್ಮನ ತಮ್ಮ. ಮೆತ್ತೆಯ ವಿಷಯ ಮಾತ್ರ ನುಂಗಿಕೊಂಡೆ. ಇವರು ಮೊದಲು ನಕ್ಕರು. ಆಮೇಲೆ ನಗು ನಿಂತು ಮುಖ ಕೆಂಪಾಯಿತು.

"ಅಯ್ಯೋ ಪೈತ್ಯಂ! ನಂಬರ್ ಅಂತ ನಿನೆಚ್ಕೊಂಡ್ಯಾ? ಏಳೋ, ಎದ್ದೇಳೋ ಅಂತ ಬಯ್ತಿದ್ದ ಕಣೆ ನನ್ನ! ಅವನು ನಮ್ ಜನಾನೇ, ಗೌಡ್ರು, ಕಾಡು-ಹೊಲ ಮಾಡೋರು. ಅವನ್ ಮನೇಲೂ ಕನ್ನಡಂ ದಾನ್."

ನಾನು ಕೂತುಬಿಟ್ಟೆ. ಇವರು ನಿಲ್ಲಿಸಲಿಲ್ಲ.

"ಮೊದಲು ತಮಿಳಲ್ಲೇ ಎಂದಿರಿ, ಎಂದಿರಿ ಅಂದ, ಎದ್ದೇಳು ಅಂತ. ಎಂದಿರಿಕ್ಕಕ್ಕೆ ಆಗಲ್ಲ ಅಂದೆ. ವಿಡಲಿಲ್ಲ. ಒಂದಿನ ಕೋಪಂ ಬಂದು ನಮ್ ಮಾತಲ್ಲೇ ಕೆಟ್ಟದಾಗಿ ಬಯ್ದೆ. ಅವನೂ ನಮ್ ಮಾತಲ್ಲೇ ತಿರ್ಗಿ ಬಯ್ದ, ಏಳೋ ಕತ್ತೆ ಅಂದ. ಇಬ್ರೂ ನಕ್ಕ್ ನಕ್ಕ್ ಸಾಕಾಯ್ತು. ನಮ್ಮವ್ವ ಬೆಳಗ್ಗೆ ಹಂಗೇ ಎಬ್ಬಿಸ್ತಿದ್ಲು. ಅವತ್ತೇ ಎದ್ದು ಕೂತೆ. ಇಪ್ಪೋ ಮಂಚದಿಂದ ಕೆಳಕ್ಕೆ, ಕೆಳಗಿಂದ ಮಂಚಕ್ಕೆ ನಾನೇ ಬರ್ತೀನಿ. ನಿಂಗೇನ್ ತಿಳಿಯುತ್ತೆ?"

"ಹಾಗಾದರೆ ಬಾಗಿಲು ಏಕೆ ಮುಚ್ಚಿದಿರಿ?"

"ಬೀಳ್ತೀನಲ್ಲ," ಎಂದರು, ಸೂರು ನೋಡುತ್ತ. "ದಿನಾ ಹತ್ ಸಲ ಬೀಳ್ತೀನಿ. ನೀನ್ ನೋಡ್ಬಾರ್ದು ಅಂತ ನಾನೇ ಕದ ಮುಚ್ಚಿಸ್ದೆ. ಧಡ್ ಅಂತ ಬೀಳೋ ಸತ್ತಂ ಕೇಳ್ಬಾರ್ದು ಅಂತ ನಾನೇ ಮಗ್ಗ ನಿಲ್ಲಿಸ್ಬೇಡ ಅಂತ ಅವನ ಕೈಲಿ ಹೇಳಿಸ್ದೆ."

ನನ್ನ ಕನ್ನಡದ ಜಂಭವನ್ನು ಏನು ಮಾಡಲಿ? ಶಾಲೆಯಲ್ಲಿ ಕಲಿತ ಕನ್ನಡ, ದಿನಾ ಬೆಳಗ್ಗೆ ನಾನೇ ಇವರಿಗೆ 'ಏಳಿ' ಎನ್ನುವ ಕನ್ನಡ. ಬೀದಿಯಲ್ಲಿ ತಮಿಳು ಮಾತಾಡಿದವನು ತಮಿಳನೇ ಎಂದು ಮನಸ್ಸು ಮೊದಲೇ ತೀರ್ಮಾನ ಮಾಡಿಬಿಟ್ಟಿತ್ತು. ಅವನ ಬಾಯಿಂದ ಬಂದ ನನ್ನದೇ ಮಾತು ನನಗೆ ಬರೀ ಅಂಕಿಯಾಗಿ ಕೇಳಿತು. ಈ ಊರಿನಲ್ಲಿ ನಾವೆಲ್ಲ ಹಾಗೆಯೇ. ಹೊಸ್ತಿಲು ದಾಟಿದರೆ ಎಲ್ಲರೂ ತಮಿಳರು, ಪಕ್ಕದವನ ಮನೆಮಾತು ಯಾವುದೆಂದು ತಿಳಿಯಬೇಕಾದರೆ ಅವನು ಬೈಯಬೇಕು, ಇಲ್ಲವೇ ಅಳಬೇಕು.

ಮಾರನೆಯ ದಿನ ಬೆಳಗ್ಗೆಯೇ ಅವನ ಮನೆಗೆ ಹೋದೆ. ಕ್ಷಮೆ ಕೇಳಲು ಎಂದು ಹೇಳಿದರೆ ಅರ್ಧ ಸುಳ್ಳು. ಏಕೆ ಬರಲಿಲ್ಲ ಎಂಬುದು ಇನ್ನೂ ಕೊರೆಯುತ್ತಿತ್ತು. ಅವನ ಅಕ್ಕ ಮಲ್ಲಿಗಾ ಬಾಗಿಲು ತೆರೆದಳು. ತಂಗವೇಲು ಮಂಚದಲ್ಲಿ ಬೋರಲಾಗಿ ಮಲಗಿದ್ದ. ಕುರ್ಚಿ ಗೋಡೆಗೆ ತಿರುಗಿತ್ತು. ಕೋಣೆಯಲ್ಲಿ ಉಪ್ಪುನೀರು, ಡೆಟಾಲು, ಅದರಡಿಯಲ್ಲಿ ನನಗೆ ಆಸ್ಪತ್ರೆಯಿಂದ ಗೊತ್ತಿದ್ದ ಇನ್ನೊಂದು ವಾಸನೆ.

"ಹುಣ್ಣಾಗಿದೆ ಅಕ್ಕಾ," ಎಂದಳು ಮಲ್ಲಿಗಾ, ಕನ್ನಡದಲ್ಲೇ. "ನಿಮ್ಮೂರಿಂದ ಬರೋ ವಳಿಯಲ್ಲೇ ಟ್ಯೂಬ್ ಕಾತ್ತು ಹೋಗಿ, ಗಾಳಿ ಇಲ್ದೆ ಚಪ್ಪಟೆ ಆಗ್ಬಿಟ್ಟಿದೆ. ಇವನಿಗೆ ತಿಳಿಯಲ್ಲ ಅಲ್ವಾ? ಹಂಗೇ ಸ್ಕೂಲ್ ಗ್ರೌಂಡ್‌ಗೆ ಹೋಗಿ, ಇರುಟ್ಟಾಗಿ ಚೆಂಡು ಕಾಣ್ದೇ ಇರೋವರ್ಗೂ ಮಕ್ಕಳಿಗೆ ಆಟ ಹೇಳ್ಕೊಟ್ಟು ಬಂದ. ಐದು ಗಂಟೆ ಬರೀ ಪಲಗೆ ಮೇಲೆ ಕೂತಿದ್ದಾನೆ. ಬಟ್ಟೆ ಬಿಚ್ಚಿದ್ರೆ ರಕ್ತ."

ಬಾವಿಗೆ ಬಿದ್ದು ಆರು ವರ್ಷ ಮೈ ಕಾಪಾಡಿಕೊಂಡವನು, ಕಾಲು ಗಂಟೆಗೊಮ್ಮೆ ಕೈಯೂರಿ ಮೈಯೆತ್ತಬೇಕೆಂದು ಊರೂರಿಗೆ ಹೋಗಿ ಕಲಿಸಿದವನು. ಅವನ ಕೈ ಮೆತ್ತೆಯನ್ನು ಒತ್ತಿ ನೋಡುತ್ತಿದ್ದುದು ಇದಕ್ಕೆ. ಕೆಳಗಿನ ಮೈಗೆ ಗೊತ್ತಾಗದ್ದನ್ನು ಕೈ ಮುಂಚೆಯೇ ನೋಡಿ ಹೇಳಬೇಕಿತ್ತು. ಹೊರಡುವಾಗ ಅದು ಗಟ್ಟಿಯಾಗಿಯೇ ಇತ್ತು, ನಾನು ಬೆರಳಿಟ್ಟು ನೋಡಿರಲಿಲ್ಲವೇ?

"ಮದರಾಸು?" ಎಂದೆ.

"ಆಗಸ್ಟಿಗೆ ಇನ್ನೂ ಹತ್ತು ವಾರಂ ಇದೆ," ಎಂದ ತಂಗವೇಲು ದಿಂಬಿನಿಂದಲೇ. "ಅಷ್ಟೊತ್ತಿಗೆ ಮುಚ್ಕೊಂಡ್ರೆ ಹೋಗ್ತೀನಿ ಅಮ್ಮಣಿ. ಮುಚ್ದೇ ಇರೋ ಹುಣ್ಣಿನ ಮೇಲೆ ಕೂತ್ರೆ ವಿಷಂ ಏರಿ ಸಾಯ್ತೀನಿ ಅಂತ ವೆಲ್ಲೂರಲ್ಲೇ ಹೇಳಿದ್ದಾರೆ."

ಮಲ್ಲಿಗಾ ಟ್ಯೂಬನ್ನು ತಂದು ತೋರಿಸಿದಳು. "ಮುಳ್ಳಲ್ಲ ಇದು, ಊಸಿ ತೂತು. ಹೋದ ತಿಂಗಳು ಪ್ಯಾಚ್ ಹಾಕಿಸ್ದಾಗ ಆ ನಟರಾಜನೇ ಏನೋ ಪಣ್ಣಿದ್ದಾನೆ. ಇವತ್ತು ಅವನ್ ಅಂಗಡಿ ಮುಂದೆ ಹೋಗಿ ಮಾನ ತೆಗಿತೀನಿ," ಎಂದು ಸೆರಗು ಸಿಕ್ಕಿಸಿಕೊಂಡಳು.

ಸುಮ್ಮನಿದ್ದುಬಿಡಬಹುದಿತ್ತು. ಮಲ್ಲಿಗಾ ಹೊಸ್ತಿಲು ದಾಟಿದಳು. "ನಟರಾಜನಲ್ಲ, ನಾನು," ಎಂದೆ. ಕದ, ಏಳು, ಸೂಜಿ, ಹೊಲಿಗೆ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಮಲ್ಲಿಗಾ ತಿರುಗಿ ಬಂದು ಕೈಯಲ್ಲಿದ್ದ ಟ್ಯೂಬಿನಿಂದಲೇ ನನ್ನ ತೋಳಿಗೆ ಬಾರಿಸಿದಳು. ಎರಡನೆಯ ಏಟಿಗೂ ನಾನು ನಿಂತೇ ಇದ್ದೆ. ತಂಗವೇಲು ದಿಂಬಿನ ಮೇಲೆ ಮುಖವನ್ನು ನನ್ನ ಕಡೆ ತಿರುಗಿಸಿ, "ನಾಲ್ಕು ತಿಂಗಳಲ್ಲಿ ಒಂದ್ ಸಲಾನಾದ್ರೂ ನಿಮ್ ಹತ್ರ ಕನ್ನಡದಲ್ಲಿ ಮಾತಾಡ್ಬೇಕಿತ್ತು," ಎಂದ. ಅವನು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಾರನೆಯ ದಿನವೂ ಹೋದೆ. ಅದರ ಮಾರನೆಯ ದಿನವೂ ಹೋದೆ. ಮಲ್ಲಿಗಾ ಬೇಡವೆಂದರೂ ನೀರು ಕುದಿಸಿಕೊಟ್ಟೆ, ಬಟ್ಟೆ ಒಗೆದೆ. ಎರಡನೆಯ ವಾರದಲ್ಲಿ ತಂಗವೇಲು ನನ್ನನ್ನು ಕರೆದು, "ಅಮ್ಮಣಿ, ಗಾಯ ನೀವು ನೋಡಿ," ಎಂದ. ಮಲ್ಲಿಗಾಳ ಮುಖ ಸಪ್ಪೆಯಾಯಿತು. "ಇವಳು ದಿನಾ ಪರವಾಯಿಲ್ಲೆ, ಕಮ್ಮಿ ಆಗಿದೆ ಅಂತಾಳೆ. ನಾನ್ ಅಳ್ತೀನಿ ಅಂತ ಭಯ ಇವಳಿಗೆ. ಪ್ರೀತಿ ಇರೋರ ಕಣ್ಣನ್ನ ಈ ವಿಷಯದಲ್ಲಿ ನಂಬಕ್ಕಾಗಲ್ಲ. ನೀವು ಯಾರನ್ನೂ ನಂಬೋರಲ್ಲ. ನೀವೇ ನೋಡಿ ಹೇಳಿ."

ಹೊರಗಿನ ಗಂಡಸಿನ ಮೈ ನೋಡಲು ನಾಚಲಿಲ್ಲವೆಂದರೆ ಸುಳ್ಳಾಗುತ್ತದೆ. ಮಲ್ಲಿಗಾ ಒಂದು ಹಳೆಯ ಸೀರೆಯ ತುಂಡಿಗೆ ಅಂಗೈಯಗಲದ ಕಿಂಡಿ ಕತ್ತರಿಸಿ ಹೊದಿಸಿದಳು. ಆ ಕಿಂಡಿಯಲ್ಲಿ ನಾನು ಮಾಡಿದ್ದು ಕಾಣುತ್ತಿತ್ತು. ಇಷ್ಟಗಲ, ಇಷ್ಟು ಆಳ, ಅಂಚು ಕಪ್ಪು, ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಸರಿ," ಎಂದ.

ಅಲ್ಲಿಂದ ಮುಂದೆ ಅದೇ ನನ್ನ ಕೆಲಸವಾಯಿತು. ಅವನು ಮಲಗಿದಲ್ಲಿಂದಲೇ ನನ್ನನ್ನು ಉಳಿದವರ ಮನೆಗಳಿಗೂ ಅಟ್ಟಿದ. ಅಂಗಪ್ಪನ್ ಮನೆಗೆ ಹೋದೆ, ಇನ್ನೂ ಮೂರು ಮನೆಗೆ ಹೋದೆ. 'ಎಲ್ಲ ಚೆನ್ನಾಗಿದೆ' ಎಂದ ಹೆಂಡತಿಯರನ್ನು ಒಬ್ಬರನ್ನೂ ನಂಬದೆ ಹಿಮ್ಮಡಿ, ಸೊಂಟ, ಬೆನ್ನು ತಿರುಗಿಸಿ ನೋಡಿದೆ. ಎರಡು ಮನೆಯಲ್ಲಿ ಚೆನ್ನಾಗಿರಲಿಲ್ಲ. ನಮ್ಮ ಮನೆಯಲ್ಲಿ ಬಾಗಿಲು ತೆರೆದಿಟ್ಟುಕೊಂಡೇ ಇವರು ಬಿದ್ದರು, ಎದ್ದರು. ನಾನು ಎತ್ತಲು ಹೋಗದೆ ಸೀರೆಯ ಅಂಚು ಹಿಡಿದುಕೊಂಡು ಕೂರುವುದನ್ನು ಕಲಿತೆ. ಜುಲೈ ಹೊತ್ತಿಗೆ ಇವರು ನೆಲದಲ್ಲಿ ಕೂತು ನನ್ನ ಲಾಳಿಗೆ ನೂಲು ಸುತ್ತಿಕೊಡುತ್ತಿದ್ದರು.

ತಂಗವೇಲು ಬೋರಲಾಗಿಯೇ ದಿನ ಎಣಿಸುತ್ತಿದ್ದ. ಮಲಗಿದಲ್ಲೇ ಎರಡೂ ಕೈಯಲ್ಲಿ ಇಟ್ಟಿಗೆ ಹಿಡಿದು ಎತ್ತುತ್ತಿದ್ದ, ತೋಳಿನ ಬಲ ಇಳಿಯಬಾರದೆಂದು. ಶಾಲೆಯ ಮಕ್ಕಳು ಚಂದಾ ಹಾಕಿ ನೀಲಿ ಬನಿಯನ್ ಹೊಲಿಸಿದ್ದರು, ಬೆನ್ನ ಮೇಲೆ ಅವನ ಹೆಸರು. ಗಾಯ ವಾರ ವಾರಕ್ಕೂ ಚಿಕ್ಕದಾಗುತ್ತಿತ್ತು, ನಾನು ಅಳೆದು ಹೇಳುತ್ತಿದ್ದೆ. ಅಳೆದ ರಾತ್ರಿಯೆಲ್ಲ ದೇವರಿಗೆ ಹರಕೆ ಹೊರುತ್ತಿದ್ದೆ, ಆ ದೇವರನ್ನೂ ಪೂರ್ತಿ ನಂಬದೆ ಎರಡನೆಯ ದೇವರಿಗೂ ಹೊರುತ್ತಿದ್ದೆ.

ಮದರಾಸಿಗೆ ಹೊರಡುವ ದಿನ ಬಂತು. ಮಧ್ಯಾಹ್ನ ಕೋಯಮತ್ತೂರಿನಿಂದ ರೈಲು. ಪೆಟ್ಟಿಗೆ ಕಟ್ಟಿಯಾಗಿತ್ತು, ನಟರಾಜನ್ ಚಕ್ರಗಳಿಗೆ ಎಣ್ಣೆ ಬಿಟ್ಟು ಹೊಸ ಟ್ಯೂಬಿಗೆ ಗಾಳಿ ತುಂಬಿ ಜಗುಲಿಯಲ್ಲಿ ಕಾಯುತ್ತಿದ್ದ, ಮಕ್ಕಳು ಬೀದಿಯ ತುಂಬ ನಿಂತಿದ್ದರು. ನಾನು ಕೊನೆಯ ಸಲ ನೋಡಬೇಕಿತ್ತು, ಅಷ್ಟೇ.

ಗಾಯ ಮುಚ್ಚಿತ್ತು. ಮೇಲೆ ತೆಳ್ಳನೆಯ ಗುಲಾಬಿ ಚರ್ಮ ಬಂದಿತ್ತು. ಮಲ್ಲಿಗಾ ನನ್ನ ಕೈ ಹಿಡಿದು ಅದುಮಿದಳು, ಅಕ್ಕಾ, ಸಾಕು ಎನ್ನುವ ಹಾಗೆ. ನನಗೂ ಸಾಕೆನ್ನಿಸಿತು. ಮುಚ್ಚಿದೆ ಎಂದುಬಿಟ್ಟಿದ್ದರೆ ನಾನು ಮಾಡಿದ್ದೂ ಅದರ ಜೊತೆ ಮುಚ್ಚಿಹೋಗುತ್ತಿತ್ತು. ಆದರೆ ಆ ಗುಲಾಬಿಯನ್ನು ನಾನು ನಂಬಲಿಲ್ಲ. ಅಂಚಿನಲ್ಲಿ ಬೆರಳಿಟ್ಟು ಒತ್ತಿದೆ. ನಡುವೆ ಎಳೆಯಷ್ಟು ಸೀಳಿನಿಂದ ಒಂದು ಹನಿ ಕೀವು ಹೊರಗೆ ಬಂತು. ಒಳಗೆ ಇನ್ನೂ ಟೊಳ್ಳಿತ್ತು.

ಒರೆಸಿ ಮತ್ತೆ ಒತ್ತಿದೆ. ಮತ್ತೆ ಬಂತು.

"ಮುಚ್ಚಿಲ್ಲ," ಎಂದೆ.

"ನಿಜಾನಾ ಅಮ್ಮಣಿ?"

"ನಿಜ. ಮೇಲೆ ಮಾತ್ರ. ಒಳಗಿದೆ."

ಅವನ ದಿಂಬಿನ ಪಕ್ಕದಲ್ಲಿ ಒಂದು ಕೈಕನ್ನಡಿ ಇತ್ತು, ಹಿಂದಕ್ಕೆ ಹಿಡಿದರೆ ತಾನೇ ನೋಡಿಕೊಳ್ಳಬಹುದಿತ್ತು. ಅವನು ಅದಕ್ಕೆ ಕೈ ಚಾಚಲಿಲ್ಲ. ಮುಖವನ್ನು ದಿಂಬಿಗೆ ಒತ್ತಿಕೊಂಡ. ಹೊರಗೆ ಮಕ್ಕಳ ಗಲಾಟೆ ಕೇಳುತ್ತಿತ್ತು. "ಮಲ್ಲಿಗಾ, ಪೆಟ್ಟಿ ಬಿಚ್ಚು. ಮಕ್ಕಳನ್ನ ಗ್ರೌಂಡಿಗೆ ಕಳ್ಸು, ಆಟ ಆಡ್ಲಿ," ಎಂದ.

ನಾನು ಉಪ್ಪುನೀರಿನಲ್ಲಿ ತೊಳೆದು, ಹೊಸ ಬಟ್ಟೆ ಮಡಿಸಿಟ್ಟು ಕಟ್ಟಿದೆ. ಕಟ್ಟಿಯಾದ ಮೇಲೂ ಅಂಗೈಯನ್ನು ಅದರ ಮೇಲೆಯೇ ಇಟ್ಟುಕೊಂಡಿದ್ದೆ. ಅದು ಅವನಿಗೆ ತಿಳಿಯಲಿಲ್ಲ.